ತೆಂಗಿನ ಗುಂಡಿ ಶೇ. 20 ದೊಡ್ಡದಾದರೆ ಮಣ್ಣು ಎಷ್ಟು ಹೆಚ್ಚು? ಪೆಟ್ಟಿಗೆ, ಟಾಂಕಿ, ಕಲ್ಲಿನ ಲೆಕ್ಕವೂ ಇಲ್ಲೇ

ಬದಿಯಡ್ಕ ತೋಟ:
ತೆಂಗಿನ ಸಸಿಗೆ ಗೋಡುಮಣ್ಣಿನ ಜಾಗದಲ್ಲಿ ಉದ್ದ, ಅಗಲ, ಆಳ ಮೂರೂ 1 ಮೀಟರ್ ಇರುವ ಗುಂಡಿ ಸಾಕು, ಅಡಿಯಲ್ಲಿ ಬಂಡೆ ಇರುವ ಮುರಮಣ್ಣಿಗೆ (ಜಂಬಿಟ್ಟಿಗೆ ಮಣ್ಣಿಗೆ) 1.2 ಮೀಟರ್ ಬೇಕು ಎಂಬುದು ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವ ಕ್ರಮ. ಬದಿ ಶೇ. 20 ಹೆಚ್ಚು, ಅಷ್ಟೇ. ಆದರೆ ಅಗೆಯುವವರು ಒಂದಕ್ಕೆ ಮುಕ್ಕಾಲು ಪಾಲು ಹೆಚ್ಚು ಕೂಲಿ ಕೇಳುತ್ತಾರೆ. ಒಬ್ಬರು ಶೇ. 20 ಕೊಟ್ಟರೆ ಸಾಕು ಅನ್ನುತ್ತಾರೆ, ಇನ್ನೊಬ್ಬರು 20 ಮೂರು ಸಲ, ಹಾಗಾಗಿ ಶೇ. 60 ಅನ್ನುತ್ತಾರೆ. ಸರಿಯಾದ ಲೆಕ್ಕ ಯಾವುದು?

ಗಣಿತ ಟೀಚರ್:
ಮೂರರಲ್ಲಿ ಸತ್ಯಕ್ಕೆ ಹತ್ತಿರ ಇರುವುದು ಕೆಲಸದವರ ಲೆಕ್ಕವೇ. 1 × 1 × 1 = 1 ಘನ ಮೀಟರ್. 1.2 × 1.2 × 1.2 = 1.728 ಘನ ಮೀಟರ್. ಹೆಚ್ಚಳ ಶೇ. 72.8.

ಶೇ. 60 ಯಾಕೆ ತಪ್ಪು ಎಂಬುದನ್ನು ಗುಂಡಿಯಲ್ಲೇ ನೋಡಬಹುದು. 1 ಮೀಟರಿನ ಗುಂಡಿ ತಯಾರಿದೆ, ಅದನ್ನು ಒಂದು ಮೂಲೆಯಿಂದ ಆಚೆಗೆ ದೊಡ್ಡದು ಮಾಡಬೇಕು ಎಂದು ಇಟ್ಟುಕೊಳ್ಳಿ. ಉದ್ದದ ಕಡೆಗೆ 20 ಸೆಂ.ಮೀ. ದಪ್ಪದ ಒಂದು ಹಲಗೆಯಷ್ಟು ಮಣ್ಣು, ಅಗಲದ ಕಡೆಗೆ ಒಂದು ಹಲಗೆ, ತಳಕ್ಕೆ ಒಂದು ಹಲಗೆ. ಒಂದೊಂದೂ 0.2 ಘನ ಮೀಟರ್, ಒಟ್ಟು 0.6. ಶೇ. 60 ಅನ್ನುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಎರಡು ಹಲಗೆ ಸೇರುವ ಸಂದಿನಲ್ಲಿ 20 × 20 ಸೆಂ.ಮೀ. ದಪ್ಪದ, 1 ಮೀಟರ್ ಉದ್ದದ ರೀಪಿನಂಥ ಮಣ್ಣು ಉಳಿದಿರುತ್ತದೆ. ಅಂಥ ಮೂರು ರೀಪು, ಒಟ್ಟು 0.12. ಮೂರು ರೀಪೂ ಸೇರುವ ಮೂಲೆಯಲ್ಲಿ 20 ಸೆಂ.ಮೀ.ನ ಒಂದು ಚಿಕ್ಕ ಘನ, 0.008. ಎಲ್ಲ ಕೂಡಿದರೆ 0.728. ಸಂದು, ಮೂಲೆ ಅಗೆಯದೆ ಬಿಟ್ಟರೆ ಗುಂಡಿ ಚೌಕವೇ ಆಗುವುದಿಲ್ಲವಲ್ಲ.

ಇದನ್ನೇ ಸೂತ್ರವಾಗಿ ಬರೆದರೆ: ಮೂರು ಬದಿಗಳ ಶೇಕಡಾ ಬದಲಾವಣೆ ಕ್ರಮವಾಗಿ ಅ, ಬ, ಕ ಆದರೆ, ಘನಫಲದ ಬದಲಾವಣೆ ಶೇ. (ಅ + ಬ + ಕ) + (ಅಬ + ಬಕ + ಕಅ) ÷ 100 + ಅಬಕ ÷ 10,000. ಇಲ್ಲಿ 60 + 12 + 0.8. ಬದಿ ಕಡಿಮೆಯಾದರೆ ಋಣ ಚಿಹ್ನೆ ಹಾಕಿ, ಸೂತ್ರ ಅದೇ.

ಮೊಬೈಲಿನಲ್ಲಿ ಲೆಕ್ಕ ಹಾಕುವವರಿಗೆ ಸೂತ್ರವೂ ಬೇಡ. ಶೇ. 20 ಹೆಚ್ಚು ಎಂದರೆ 1.20, ಶೇ. 25 ಕಡಿಮೆ ಎಂದರೆ 0.75. ಮೂರನ್ನೂ ಗುಣಿಸಿ, 1 ಕಳೆಯಿರಿ, ನೂರರಿಂದ ಗುಣಿಸಿ.

ಪೆರ್ಲ ಮೇಸ್ತ್ರಿ:
ಲೆಕ್ಕ ಸರಿ ಉಂಟು ಟೀಚರೇ. ಆದರೆ ಜಗಳ ಆಗುವುದು ಅಲ್ಲಿ ಅಲ್ಲ, ಅಡಿ-ಮೀಟರಿನಲ್ಲಿ. ಮಾತಿನಲ್ಲಿ 1 ಮೀಟರನ್ನು "ಮೂರಡಿ" ಅನ್ನುತ್ತಾರೆ, 1.2 ಮೀಟರನ್ನು "ನಾಲ್ಕಡಿ". ಮೂರಡಿ ಗುಂಡಿ 27 ಘನ ಅಡಿ, ನಾಲ್ಕಡಿ ಗುಂಡಿ 64 ಘನ ಅಡಿ. ಹೆಚ್ಚಳ ಶೇ. 137! 72.8 ಎಲ್ಲಿ, 137 ಎಲ್ಲಿ. 1 ಮೀಟರ್ ಎಂದರೆ 3.28 ಅಡಿ. 28 ಬಿಟ್ಟದ್ದೇ ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಕಾರಣ. ಮೂರಡಿಯ ಗುಂಡಿಯಲ್ಲಿ ಇರುವುದು 0.765 ಘನ ಮೀಟರ್ ಮಾತ್ರ, 1 ಮೀಟರ್ ಗುಂಡಿಗಿಂತ ಕಾಲು ಪಾಲಿನಷ್ಟು ಕಡಿಮೆ. ಹಾಗಾಗಿ ಮಾತು ಮುಗಿಸುವ ಮೊದಲು ಒಂದು ಕೋಲು ಕಡಿದು ಅಳತೆ ತೋರಿಸಿ.

ಮತ್ತೊಂದು: ಗುಂಡಿಯ ಗೋಡೆ ನೇರ ನಿಲ್ಲುವುದಿಲ್ಲ. ಬಾಯಿ 1.2 ಮೀಟರ್ ಇದ್ದರೂ ತಳ 1 ಮೀಟರಿಗೆ ಬಂದು ನಿಲ್ಲುವುದು ಸಾಮಾನ್ಯ, ಅದೂ ಕೆಳಗೆ ಗಟ್ಟಿ ಕಲ್ಲು ಸಿಕ್ಕಿದರೆ.

ಗಣಿತ ಟೀಚರ್:
ಹೌದು, ಅದಕ್ಕೂ ಲೆಕ್ಕ ಉಂಟು. ಬಾಯಿಯ ವಿಸ್ತೀರ್ಣ 1.44, ತಳದ್ದು 1, ಎರಡರ ಗುಣಲಬ್ಧದ ವರ್ಗಮೂಲ 1.2. ಮೂರನ್ನೂ ಕೂಡಿಸಿ ಆಳದ ಮೂರನೇ ಒಂದರಿಂದ ಗುಣಿಸಬೇಕು: 3.64 × 0.4 = 1.456 ಘನ ಮೀಟರ್. ಕಾಗದದ 1.728ಕ್ಕಿಂತ ಶೇ. 15.7 ಕಡಿಮೆ. ಜಾಗದಲ್ಲಿ ನಿಂತು ಲೆಕ್ಕ ಮಾಡಬೇಕಾದರೆ ಅರ್ಧ ಆಳದಲ್ಲಿ ಅಗಲ ಅಳೆಯಿರಿ. 1.1 × 1.1 × 1.2 = 1.452, ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು. ಬಾಯಿಯನ್ನು ಮಾತ್ರ ಅಳೆದು ಹಣ ಕೊಡುವುದು ಸರಿಯಲ್ಲ.

ಅಡೂರು ಭಾವ:
ಅಗೆತಕ್ಕೆ 72.8 ಎಂದಾದ ಮೇಲೆ ಗೊಬ್ಬರ, ಮೇಲ್ಮಣ್ಣನ್ನೂ ಶೇ. 72.8 ಹೆಚ್ಚು ತರಿಸಿದರೆ ರಾಶಿ ಅಂಗಳದಲ್ಲೇ ಉಳಿದೀತು, ಜಾಗ್ರತೆ. ಗುಂಡಿಯನ್ನು ಬಾಯಿಯವರೆಗೆ ತುಂಬಿಸುವುದಿಲ್ಲ. ಮೇಲ್ಮಣ್ಣು, ಹುಡಿಗೊಬ್ಬರ ಸೇರಿಸಿ ತಳದಿಂದ 50-60 ಸೆಂ.ಮೀ.ವರೆಗೆ ತುಂಬಿಸಿ ಸಸಿ ಇಡುವುದು ಕ್ರಮ. 60 ಸೆಂ.ಮೀ. ಎಂದು ಹಿಡಿದರೆ 1 ಮೀಟರ್ ಗುಂಡಿಗೆ 1 × 1 × 0.6 = 0.6 ಘನ ಮೀಟರ್. 1.2ರ ಗುಂಡಿಗೆ 1.2 × 1.2 × 0.6 = 0.864. ತುಂಬುವ ಎತ್ತರ ಬದಲಾಗಲಿಲ್ಲ, ಎರಡು ಬದಿ ಮಾತ್ರ ಬೆಳೆದವು, ಆದ್ದರಿಂದ ಹೆಚ್ಚಳ ಶೇ. 44 ಮಾತ್ರ.

ತೇವ ನಿಲ್ಲಲು ತಳದಲ್ಲಿ ಎರಡು ಪದರ ತೆಂಗಿನಕಾಯಿ ಸಿಪ್ಪೆ ಹಾಸುತ್ತೇವಲ್ಲ, ಒಳಮೈ ಮೇಲಾಗುವಂತೆ, ಅದೂ ಶೇ. 44. ಸಿಪ್ಪೆ ಹಾಸುವುದು ತಳದ ಮೇಲೆ, ತಳ ಎಂದರೆ ವಿಸ್ತೀರ್ಣ. ಮುರಮಣ್ಣು ಮೆತ್ತಗಾಗಲೆಂದು ಆರು ತಿಂಗಳು ಮೊದಲು ಹಾಕುವ ಉಪ್ಪು ಗುಂಡಿಗೆ 2 ಕಿಲೋ, ಅದು ಮೊದಲೇ ಮುರಮಣ್ಣಿನ ಗುಂಡಿಗೆಂದೇ ಹೇಳಿದ ಲೆಕ್ಕ. ಅದನ್ನು ಯಾವ ಶೇಕಡದಿಂದಲೂ ಏರಿಸಬೇಕಾಗಿಲ್ಲ.

ಒಂದೇ ಗುಂಡಿಯಲ್ಲಿ ಕೂಲಿ 72.8, ಮಣ್ಣು 44, ಸಿಪ್ಪೆ 44, ಉಪ್ಪು ಸೊನ್ನೆ. ಎಲ್ಲಕ್ಕೂ ಒಂದೇ ಶೇಕಡಾ ಹಾಕಿದರೆ ಯಾವುದೋ ಒಂದು ಕೆಡುತ್ತದೆ.

ಬದಿಯಡ್ಕ ತೋಟ:
ಇದು ಹೊಳೆದೇ ಇರಲಿಲ್ಲ ಭಾವ. ಹಾಗಾದರೆ ಮರಳುಮಣ್ಣಿಗೆ? ಕುಂಬಳೆ, ಮಂಜೇಶ್ವರದ ಕಡಲ ಬದಿಯವರಿಗೆ 75 ಸೆಂ.ಮೀ. ಸಾಕು ಅನ್ನುತ್ತಾರೆ.

ಗಣಿತ ಟೀಚರ್:
0.75 × 0.75 × 0.75 = 0.422 ಘನ ಮೀಟರ್. ಬದಿ ಶೇ. 25 ಕಡಿಮೆ, ಮಣ್ಣು ಶೇ. 57.8 ಕಡಿಮೆ. ಕಡಲ ಬದಿಯ ಗುಂಡಿಯನ್ನೂ ಮುರಮಣ್ಣಿನ ಗುಂಡಿಯನ್ನೂ ಪಕ್ಕಪಕ್ಕ ಇಟ್ಟರೆ 0.75ರಿಂದ 1.2ಕ್ಕೆ ಬದಿ ಶೇ. 60 ಹೆಚ್ಚು, ಮಣ್ಣು ಶೇ. 309.6 ಹೆಚ್ಚು. ನಾಲ್ಕು ಪಟ್ಟಿಗಿಂತ ಜಾಸ್ತಿ.

ಪಿಎಸ್‌ಸಿ ಅಭ್ಯಾಸ:
ಟೀಚರ್, ಒಂದು ಸಂಶಯ. 1.2 ಮೀಟರಿನಿಂದ 1 ಮೀಟರಿಗೆ ಇಳಿಸಿದರೆ ಮಣ್ಣು ಶೇ. 72.8 ಕಡಿಮೆ ಆಗಬೇಕಲ್ಲ? ಉತ್ತರ ಹಾಗೆ ಬರುವುದಿಲ್ಲ.

ಗಣಿತ ಟೀಚರ್:
ಬರುವುದಿಲ್ಲ. ಈಗ ನೂರು ಎಂದು ಹಿಡಿಯುವುದು 1.728ನ್ನು. 1 ÷ 1.728 = 0.5787, ಇಳಿಕೆ ಶೇ. 42.13. ಬದಿಯೂ ಶೇ. 20 ಇಳಿದದ್ದಲ್ಲ, ಶೇ. 16.67 ಇಳಿದದ್ದು. ಶೇ. 20 ಏರಿಸಿ ಮತ್ತೆ ಶೇ. 20 ಇಳಿಸಿದರೆ ಬದಿ 0.96ಕ್ಕೆ ಬರುತ್ತದೆ, ಘನಫಲ ಮೊದಲಿದ್ದದ್ದಕ್ಕಿಂತ ಶೇ. 11.5 ಕಡಿಮೆ.

ಕೇರಳ ಪಿಎಸ್‌ಸಿಯ (ಸರಕಾರಿ ಕೆಲಸದ ನೇಮಕಾತಿ) ಪರೀಕ್ಷೆಗೆ ಓದುವವರು ಕೆಲವನ್ನು ಬಾಯಿಪಾಠ ಮಾಡಿಟ್ಟರೆ ಸಮಯ ಉಳಿಯುತ್ತದೆ. ಮೂರೂ ಬದಿ ಶೇ. 10 ಏರಿದರೆ 33.1, ಶೇ. 25 ಏರಿದರೆ 95.3, ಶೇ. 50 ಏರಿದರೆ 237.5, ಇಮ್ಮಡಿಯಾದರೆ 700. ಇಳಿಕೆಯಲ್ಲಿ ಶೇ. 10ಕ್ಕೆ 27.1, ಶೇ. 20ಕ್ಕೆ 48.8, ಅರ್ಧವಾದರೆ 87.5. ಕೊನೆಯದಕ್ಕೆ 150 ಎಂದು ಬರೆಯುವವರಿದ್ದಾರೆ. ಇದ್ದದ್ದಕ್ಕಿಂತ ಹೆಚ್ಚು ಕಳೆಯಲು ಸಾಧ್ಯವೇ ಎಂದು ಒಂದು ಕ್ಷಣ ಯೋಚಿಸಿದರೆ ಸಾಕು.

ಪ್ರಶ್ನೆಯ ಮಾತನ್ನೂ ಗಮನಿಸಿ. "ಶೇ. 300ರಷ್ಟು ಹೆಚ್ಚಿತು" ಎಂದರೆ ನಾಲ್ಕು ಪಟ್ಟು. "ಶೇ. 300ಕ್ಕೆ ಏರಿತು" ಎಂದರೆ ಮೂರು ಪಟ್ಟು. ಒಂದು ವಿಭಕ್ತಿಯಲ್ಲಿ ಇಡೀ ಅಂಕ ಹೋಗುತ್ತದೆ. ಮಲಯಾಳ ಪ್ರಶ್ನೆಪತ್ರಿಕೆ ನೋಡಿ ಅಭ್ಯಾಸ ಮಾಡುವವರಿಗೆ: ವ್ಯಾಪ್ತಂ ಎಂದರೆ ಘನಫಲ, ಪರಪ್ಪಳವ್ ಎಂದರೆ ವಿಸ್ತೀರ್ಣ.

ಪಿಎಸ್‌ಸಿ ಅಭ್ಯಾಸ:
ಉದ್ದ ಶೇ. 20 ಹೆಚ್ಚು, ಅಗಲ ಶೇ. 10 ಹೆಚ್ಚು, ಎತ್ತರ ಶೇ. 25 ಕಡಿಮೆ. ಕೂಡಿಸಿದರೆ ಶೇ. 5 ಹೆಚ್ಚು ಎಂದು ಬರುತ್ತದೆ. ಸರಿಯಾ?

ಗಣಿತ ಟೀಚರ್:
1.2 × 1.1 × 0.75 = 0.99. ಹೆಚ್ಚಿದ್ದಲ್ಲ, ಶೇ. 1 ಕಡಿಮೆಯಾಗಿದೆ. ಕೂಡಿಸಿ ಲೆಕ್ಕ ಹಾಕಿದರೆ ಉತ್ತರದ ದಿಕ್ಕೇ ತಿರುಗಿಬಿಡುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಯಾವ ಬದಿಯನ್ನು ಮೊದಲು ಬದಲಿಸಿದ್ದು ಎಂಬುದು ಮುಖ್ಯವಲ್ಲ. ಕೂಡಿಸುವ ಲೆಕ್ಕ ಹತ್ತಿರ ಬರುವುದು ಬದಲಾವಣೆ ಶೇ. 1-2ರ ಒಳಗಿದ್ದರೆ ಮಾತ್ರ. ಮೂರೂ ಶೇ. 1 ಏರಿದರೆ 3.03, ಶೇ. 5 ಏರಿದರೆ ಆಗಲೇ 15.76.

ಕುಂಬಳೆ ಪ್ಯಾಕಿಂಗ್:
ರಟ್ಟಿನ ಪೆಟ್ಟಿಗೆ ಮಾಡಿಸುವವರು ಓದುತ್ತಿದ್ದರೆ ಅವರಿಗೆ ಸ್ವಲ್ಪ ವಿವರವಾಗಿ. "ಪೆಟ್ಟಿಗೆ ಎಲ್ಲ ಕಡೆ ಶೇ. 10 ದೊಡ್ಡದು ಮಾಡಿ, ಮೂರನೇ ಒಂದು ಪಾಲು ಹೆಚ್ಚು ಸಾಮಾನು ಹಿಡಿಯಲಿ" ಎಂದು ಆರ್ಡರ್ ಕೊಡುವುದು ಉಂಟು. ಹಿಡಿಯುವುದಿಲ್ಲ.

ಒಳಅಳತೆ 40 × 30 × 25 ಸೆಂ.ಮೀ. ಇರುವ ಪೆಟ್ಟಿಗೆ ತೆಗೆದುಕೊಳ್ಳಿ. 10 × 10 ತಳ, 12.5 ಎತ್ತರದ ಗಟ್ಟಿ ಪೊಟ್ಟಣ ಉದ್ದಕ್ಕೆ 4, ಅಗಲಕ್ಕೆ 3, ಎರಡು ಅಂತಸ್ತು, ಒಟ್ಟು 24, ಒಂದಿಷ್ಟೂ ಜಾಗ ಬಾಕಿಯಿಲ್ಲ. ಶೇ. 10 ಏರಿಸಿ: 44 × 33 × 27.5. ಘನಫಲ ಶೇ. 33.1 ಏರಿತು. ಪೊಟ್ಟಣ? 44ರಲ್ಲಿ ನಾಲ್ಕೇ, 33ರಲ್ಲಿ ಮೂರೇ, 27.5ರಲ್ಲಿ ಎರಡೇ. ಪೊಟ್ಟಣವನ್ನು ಅಡ್ಡ ಮಲಗಿಸಿದರೂ ಇದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಮತ್ತೆ 24. ಹೆಚ್ಚಿದ ಜಾಗವೆಲ್ಲ ಪೊಟ್ಟಣಗಳು ಅಲುಗಾಡಲು, ಮೂಲೆ ಜಜ್ಜಿಹೋಗಲು.

ಬದಲಿಗೆ ಉದ್ದವನ್ನು ಮಾತ್ರ ಶೇ. 25 ಏರಿಸಿ 50 × 30 × 25 ಮಾಡಿ. ಘನಫಲ ಶೇ. 25 ಹೆಚ್ಚು, ಪೊಟ್ಟಣ 5 × 3 × 2 = 30, ಅದೂ ಸರಿಯಾಗಿ ಶೇ. 25.

ಈಗ ರಟ್ಟಿನ ಖರ್ಚು. ಮೇಲೆ ಕೆಳಗೆ ನಾಲ್ಕು ನಾಲ್ಕು ಮಡಿಕೆ ಇರುವ ಸಾಮಾನ್ಯ ಪೆಟ್ಟಿಗೆಗೆ ಬೇಕಾಗುವ ಹಾಳೆ: ಉದ್ದಕ್ಕೆ ಎರಡು ಉದ್ದ + ಎರಡು ಅಗಲ + ಅಂಟಿಸುವ ಪಟ್ಟಿಗೆ 4 ಸೆಂ.ಮೀ., ಅಡ್ಡಕ್ಕೆ ಅಗಲ + ಎತ್ತರ. ಮೊದಲ ಪೆಟ್ಟಿಗೆಗೆ 144 × 55 = 7,920 ಚದರ ಸೆಂ.ಮೀ. ಎಲ್ಲ ಕಡೆ ಶೇ. 10 ಏರಿಸಿದ್ದಕ್ಕೆ 158 × 60.5 = 9,559, ಅಂದರೆ ಶೇ. 20.7 ಹೆಚ್ಚು ರಟ್ಟು, ಹೆಚ್ಚುವರಿ ಪೊಟ್ಟಣ ಸೊನ್ನೆ. ಉದ್ದ ಮಾತ್ರ ಏರಿಸಿದ್ದಕ್ಕೆ 164 × 55 = 9,020, ಶೇ. 13.9 ಹೆಚ್ಚು ರಟ್ಟಿಗೆ ಆರು ಪೊಟ್ಟಣ ಹೆಚ್ಚು. ಶೇಕಡಾ ನೋಡಿ ಅಳತೆ ನಿರ್ಧರಿಸಬೇಡಿ, ಪೊಟ್ಟಣ ಎಣಿಸಿ ಅಳತೆ ನಿರ್ಧರಿಸಿ, ಆಮೇಲೆ ಬೇಕಾದರೆ ಶೇಕಡಾ ತೆಗೆಯಿರಿ.

ಗೇರುಬೀಜದವರಿಗೆ ಇದು ಹೊಸತೇನಲ್ಲ. 11.34 ಕಿಲೋದ, ಅಂದರೆ 25 ಪೌಂಡಿನ ಎರಡು ತಗಡಿನ ಡಬ್ಬ ಪಕ್ಕಪಕ್ಕ ಕೂರುವ ಪೆಟ್ಟಿಗೆ ಎಂದರೆ ಒಂದು ಬದಿ ಇಮ್ಮಡಿ, ಉಳಿದೆರಡು ಹಾಗೆಯೇ.

ಅಡೂರು ಭಾವ:
ಕಾಳು, ಹುಡಿ, ಎಣ್ಣೆಯಾದರೆ?

ಕುಂಬಳೆ ಪ್ಯಾಕಿಂಗ್:
ಸಡಿಲ ಸಾಮಾನು ಸಿಕ್ಕಿದ ಜಾಗಕ್ಕೆ ಹೊಂದಿಕೊಳ್ಳುತ್ತದೆ, ಅದಕ್ಕೆ 33.1 ಪೂರ್ತಿ ಸಿಗುತ್ತದೆ. ಆದರೆ ಭಾರವೂ ಅಷ್ಟೇ ಏರಿತಲ್ಲ. ಒಂದರ ಮೇಲೊಂದು ಪೇರಿಸಿದರೆ ಪೆಟ್ಟಿಗೆ ತಡೆಯುವ ಭಾರ ಸುತ್ತಳತೆಯ ವರ್ಗಮೂಲದ ಲೆಕ್ಕದಲ್ಲಿ ಮಾತ್ರ ಏರುತ್ತದೆ. ರಟ್ಟಿನ ಪೆಟ್ಟಿಗೆಗೆ ಎಲ್ಲರೂ ಬಳಸುವ ಮೆಕೀ ಸೂತ್ರ ಹೇಳುವುದು ಅದನ್ನೇ. ಸುತ್ತಳತೆ ಶೇ. 10 ಏರಿದರೆ ತಾಳಿಕೆ ಸುಮಾರು ಶೇ. 5 ಏರೀತು, ಮೇಲಿನ ಪೆಟ್ಟಿಗೆಗಳ ಭಾರ ಶೇ. 33 ಏರುತ್ತದೆ. ಮೊದಲು ಆರು ಪೇರಿಸುತ್ತಿದ್ದಲ್ಲಿ ತಳದ ಪೆಟ್ಟಿಗೆಯ ಮೇಲೆ ಐದು ಇರುತ್ತಿದ್ದವು, ಈಗ ಮೂರು ಇಟ್ಟರೆ ನಿಶ್ಚಿಂತೆ, ನಾಲ್ಕನೆಯದಕ್ಕೆ ತಳದ್ದು ಹೊಟ್ಟೆ ಬಿಡುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ರಟ್ಟು ಇನ್ನೂ ಮೆತ್ತಗೆ. ಬೇಕಾದರೆ ಪದರ ಹೆಚ್ಚಿರುವ ರಟ್ಟು ಹಾಕಿಸಿ.

ಕೊರಿಯರಿನಲ್ಲಿ ಕಳಿಸುವವರು ಇನ್ನೊಂದು ನೋಡಿ. ಹಗುರ ಸಾಮಾನಿಗೆ ತೂಕವಲ್ಲ, ಜಾಗದ ಲೆಕ್ಕದಲ್ಲಿ ಹಣ. ಹೊರಅಳತೆ ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಕ್ರಮ, ಬೇರೆ ಭಾಜಕ ಬಳಸುವವರೂ ಇದ್ದಾರೆ. 40 × 30 × 25 ಎಂದರೆ 6 ಕಿಲೋ. ಶೇ. 10 ದೊಡ್ಡದಾದರೆ 7.99, ಅವರು 8 ಎಂದೇ ಬರೆಯುವುದು.

ಪಿಎಸ್‌ಸಿ ಅಭ್ಯಾಸ:
ಒಳಅಳತೆ, ಹೊರಅಳತೆ ಎರಡಕ್ಕೂ ಶೇಕಡಾ ಒಂದೇ ಬರುತ್ತದೆ ತಾನೇ?

ಕುಂಬಳೆ ಪ್ಯಾಕಿಂಗ್:
ಬರುವುದಿಲ್ಲ ತಮ್ಮ. ಹಲಗೆಯ ದಪ್ಪ ಬದಿಯ ಜೊತೆ ಬೆಳೆಯುವುದಿಲ್ಲ. 12 ಮಿ.ಮೀ. ಪ್ಲೈವುಡ್ಡಿನ ಮುಚ್ಚಳದ ಪೆಟ್ಟಿಗೆ, ಹೊರಗಿನಿಂದ 30 × 20 × 15 ಸೆಂ.ಮೀ. ಎನ್ನಿ. ಪ್ರತಿ ಅಳತೆಯಲ್ಲೂ ಎರಡು ಹಲಗೆಯ 2.4 ಸೆಂ.ಮೀ. ಕಳೆದರೆ ಒಳಗೆ 27.6 × 17.6 × 12.6, ಅಂದರೆ 6,121 ಘನ ಸೆಂ.ಮೀ. ಹೊರಅಳತೆ ಶೇ. 10 ಏರಿಸಿ 33 × 22 × 16.5 ಮಾಡಿದರೆ ಒಳಗೆ 30.6 × 19.6 × 14.1 = 8,457. ಹೊರಗೆ ಶೇ. 33.1, ಒಳಗೆ ಶೇ. 38.2. ಚಿಕ್ಕ ಪೆಟ್ಟಿಗೆ, ದಪ್ಪ ಹಲಗೆ ಆದಷ್ಟೂ ಈ ಅಂತರ ದೊಡ್ಡದು. ಇಳಿಸುವಾಗ ಇದೇ ಏಟು ತಿರುಗಿ ಬೀಳುತ್ತದೆ, ಒಳಜಾಗ ಲೆಕ್ಕಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ.

ಪೆರ್ಲ ಮೇಸ್ತ್ರಿ:
ನೀರಿನ ಟಾಂಕಿಯಲ್ಲೂ ಇದೇ ಕತೆ. ಮುರಕಲ್ಲು ಕಟ್ಟಿ 2 × 1.5 × 1.2 ಮೀಟರ್ ಟಾಂಕಿ, 3.6 ಘನ ಮೀಟರ್, 3,600 ಲೀಟರ್ ಎಂದು ಕಾಗದದಲ್ಲಿ ಬರೆಯುತ್ತಾರೆ. ಒಳಗೆ ಗೋಡೆಗೆ 2 ಸೆಂ.ಮೀ. ಸಾರಣೆ, ನೆಲಕ್ಕೆ 5 ಸೆಂ.ಮೀ. ಕಾಂಕ್ರೀಟು. ಉಳಿದದ್ದು 1.96 × 1.46 × 1.15, ಅಂದರೆ 3,291 ಲೀಟರ್. ತುಂಬಿ ಹರಿಯುವ ಪೈಪು ಮೇಲಿನಿಂದ 15 ಸೆಂ.ಮೀ. ಕೆಳಗೆ ಇಟ್ಟರೆ ನಿಲ್ಲುವ ನೀರು 2,862 ಲೀಟರ್. ಐದರಲ್ಲಿ ಒಂದು ಪಾಲು ಹೋಯಿತು. ಗುತ್ತಿಗೆದಾರರ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ, ಅಳತೆ ಹೇಳುವಾಗ "ಸಾರಣೆ ಆದ ಮೇಲೆ ಒಳಗೆ ಇಷ್ಟು, ಪೈಪಿನ ಮಟ್ಟದವರೆಗೆ ಇಷ್ಟು" ಎಂದು ಹೇಳಬೇಕು.

ಬದಿಯಡ್ಕ ತೋಟ:
ನೀರು ಇಮ್ಮಡಿ ಬೇಕೆಂದರೆ ಬದಿ ಎಷ್ಟು ಏರಿಸಬೇಕು ಮೇಸ್ತ್ರಿಗಳೇ?

ಪೆರ್ಲ ಮೇಸ್ತ್ರಿ:
ಮೂರೂ ಬದಿ ಏರಿಸುವುದಾದರೆ ಶೇ. 26 ಸಾಕು. ಎರಡು ಬದಿಯಾದರೆ ಶೇ. 41.4. ಒಂದೇ ಬದಿಯಾದರೆ ಇಮ್ಮಡಿ. ಆದರೆ ಎತ್ತರ ಮುಟ್ಟಬೇಡಿ ಎಂದೇ ನನ್ನ ಮಾತು. ನೀರು ಗೋಡೆಯನ್ನು ಹೊರಗೆ ತಳ್ಳುವ ಒಟ್ಟು ಬಲ ಎತ್ತರದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಗೋಡೆಯ ಬುಡವನ್ನು ಮುರಿಯಲು ನೋಡುವ ಎಳೆತ ಘನದ ಲೆಕ್ಕದಲ್ಲಿ. ಎತ್ತರ ಶೇ. 26 ಏರಿಸಿದರೆ ಬುಡದ ಎಳೆತ ಇಮ್ಮಡಿ. ಎತ್ತರ ಹಾಗೆಯೇ ಇಟ್ಟು ಉದ್ದ, ಅಗಲ ಬೆಳೆಸಿದರೆ ಮೀಟರ್ ಗೋಡೆಗೆ ಬೀಳುವ ನೀರಿನ ಒತ್ತಡ ಏರುವುದಿಲ್ಲ. ಆದರೂ ಉದ್ದ ಗೋಡೆಗೆ ಮೂಲೆಗಳ ಆಸರೆ ದೂರವಾಗುತ್ತದೆ, ನಡುವೆ ಒಂದು ಅಡ್ಡಗೋಡೆ ಕೊಟ್ಟರೆ ಒಳ್ಳೆಯದು.

ಅಡೂರು ಭಾವ:
ಸುರಂಗದ (ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಬಾವಿಯ) ನೀರು ತುಂಬಿಸುವವರು ಇನ್ನೊಂದು ಲೆಕ್ಕ ಮಾಡಬೇಕು. ಮಿನಿಟಿಗೆ 5 ಲೀಟರ್ ಬರುವ ಸುರಂಗ 12 ಗಂಟೆಯಲ್ಲಿ ಕೊಡುವುದು 3,600 ಲೀಟರ್. ಟಾಂಕಿಯ ಒಳಅಳತೆ ಮೂರೂ ಕಡೆ ಶೇ. 10 ಏರಿಸಿ 4,792 ಲೀಟರಿನದು ಮಾಡಿದರೆ ತುಂಬಲು ಸುಮಾರು 16 ಗಂಟೆ. ಸಂಜೆ 6ಕ್ಕೆ ಗೇಟುವಾಲ್ವು ಮುಚ್ಚಿದರೆ ಬೆಳಿಗ್ಗೆ 6ಕ್ಕೆ ತುಂಬಿರುತ್ತಿದ್ದ ಟಾಂಕಿ ಈಗ 10ಕ್ಕೆ ತುಂಬುತ್ತದೆ. ಅಷ್ಟರಲ್ಲಿ ಬಿಸಿಲು ಏರಿರುತ್ತದೆ.

ಗಣಿತ ಟೀಚರ್:
ತಿರುಗಿಸಿ ಕೇಳಿದರೂ ಉಪಯೋಗ ಉಂಟು. ನೀರು ಶೇ. 20 ಮಾತ್ರ ಹೆಚ್ಚು ಸಾಕು ಎಂದಾದರೆ ಮೂರೂ ಬದಿ ಶೇ. 6.27 ಏರಿಸಿದರೆ ಆಯಿತು. ಘನಮೂಲದ ಬಟನ್ ಮೊಬೈಲಿನಲ್ಲಿ ಸಿಗದಿದ್ದರೆ ಊಹಿಸಿ ಗುಣಿಸಿ: 1.06 ಮೂರು ಸಲ ಗುಣಿಸಿದರೆ 1.191, ಸ್ವಲ್ಪ ಕಡಿಮೆ. 1.063 ಆದರೆ 1.201. ಮೂರನೇ ಸಲಕ್ಕೆ ಬೇಕಾದ್ದು ಸಿಕ್ಕಿರುತ್ತದೆ. ಘನಫಲ ಬದಲಾಗದೆ ಆಕಾರ ಮಾತ್ರ ಬದಲಾಗಬೇಕಾದರೆ ಗುಣಕಗಳ ಗುಣಲಬ್ಧ 1 ಬರಬೇಕು. ಉದ್ದ ಶೇ. 25 ಏರಿಸಿದರೆ ಎತ್ತರ ಶೇ. 20 ಇಳಿಸಿ, ಉದ್ದ, ಅಗಲ ಎರಡೂ ಶೇ. 25 ಏರಿಸಿದರೆ ಎತ್ತರ ಶೇ. 36 ಇಳಿಸಿ.

ಬದಿಯಡ್ಕ ತೋಟ:
ಕಲ್ಲಿಗೂ ಇದೇ ಲೆಕ್ಕ ಹಾಕಬಹುದಲ್ಲ? 40 × 20 × 20 ಎಂದು ಹೇಳಿ ಕಳಿಸಿದ ಮುರಕಲ್ಲು ಮೂರೂ ಕಡೆ ಒಂದೊಂದು ಸೆಂ.ಮೀ. ಕಡಿಮೆ ಇದ್ದರೆ ಮೋಸವೇ?

ಪೆರ್ಲ ಮೇಸ್ತ್ರಿ:
39 × 19 × 19 = 14,079. ಇರಬೇಕಾದ್ದು 16,000. ಕಲ್ಲು ಶೇ. 12 ಕಡಿಮೆ, ಲೋರಿಯ ಭಾರ ಅಷ್ಟು ಹಗುರ. ಒಂದು ಸೆಂ.ಮೀ. ಉದ್ದದಲ್ಲಿ ಶೇ. 2.5, ಉಳಿದ ಎರಡು ಕಡೆ ಶೇ. 5, ಹಾಗಾಗಿ ಮೂರೂ ಕಡೆ ಒಂದೇ ಶೇಕಡಾ ಎಂದು ಗುಣಿಸಬೇಡಿ.

ಮೋಸ ಎನ್ನುವ ಮೊದಲು ಮಾತು ಏನಾಗಿತ್ತು ನೋಡಿ. ಸಿಮೆಂಟಿನ ಸಂದು 1 ಸೆಂ.ಮೀ. ಸೇರಿಸಿ 40 × 20 ಎಂದಿದ್ದರೆ 39 × 19ರ ಕಲ್ಲೇ ಸರಿ, ಚದರ ಮೀಟರ್ ಗೋಡೆಗೆ 12.5 ಕಲ್ಲು. ಕಲ್ಲೇ 40 × 20 ಇರಬೇಕು ಎಂದಿದ್ದರೆ ಸಂದು ಸೇರಿ 41 × 21, ಚದರ ಮೀಟರಿಗೆ 11.6. ಈ ಎರಡರ ಅಂತರ ಶೇ. 7.6. ಗೋಡೆಗೆ ಎಷ್ಟು ಕಲ್ಲು ಬೇಕು ಎನ್ನುವುದು ಮುಖದ ವಿಸ್ತೀರ್ಣದ ಲೆಕ್ಕ, ಅಲ್ಲಿ ಶೇ. 12 ಹಾಕಿ ಕಲ್ಲು ಹೆಚ್ಚು ತರಿಸಿದರೆ ಅಂಗಳದಲ್ಲಿ ಉಳಿಯುತ್ತದೆ.

ಅಡೂರು ಭಾವ:
ಉಳಿದರೆ ಉಳಿಯಲಿ ಮಾರಾಯ್ರೆ, ಹಟ್ಟಿಯ ಗೋಡೆಗಾಯಿತು. ಕಡಿಮೆ ಬಿದ್ದು ಹತ್ತು ಕಲ್ಲಿಗಾಗಿ ಇನ್ನೊಂದು ಲೋರಿ ತರಿಸುವುದೇ ಕಷ್ಟ.

ಬದಿಯಡ್ಕ ತೋಟ:
ಕೂಲಿಯ ಮಾತು ಹಾಗಾದರೆ ಹೀಗೆ: ಅರ್ಧ ಆಳದಲ್ಲಿ ಅಳತೆ, ಘನ ಮೀಟರಿನ ದರ, ತಳದಲ್ಲಿ ಪಿಕ್ಕಾಸು ಹಿಡಿಯದ ಕಲ್ಲು ಸಿಕ್ಕಿದರೆ ಅದಕ್ಕೆ ಬೇರೆ.

ಪೆರ್ಲ ಮೇಸ್ತ್ರಿ:
ಸರಿ. ತೋಡಿ ಹಾಕಿದ ರಾಶಿಯನ್ನು ಅಳೆಯಬೇಡಿ, ಸಡಿಲಾದ ಮಣ್ಣು ಹಿಗ್ಗಿರುತ್ತದೆ. ಗುಂಡಿಯನ್ನೇ ಅಳೆಯಿರಿ, ಅದೂ ಮಳೆಗೆ ಅಂಚು ಜರಿಯುವ ಮೊದಲು.